ಇಪ್ಪತ್ತು ಪಾಯಿಂಟ್ ಏಳು

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಮೂರನೇ ಟ್ಯೂಬ್‌ಲೈಟೂ ಆರೋಪಿಯ ಪರವಾಗಿಯೇ ಸಾಕ್ಷಿ ಹೇಳಿತು.

ಸರ್ಕಾರಿ ವಿದ್ಯುತ್ ಪರೀಕ್ಷಾ ಲ್ಯಾಬಿನಲ್ಲಿ ತನ್ನ ಮೇಜಿನ ಮುಂದೆ ನಿಂತಿದ್ದ ಮೀಟರಮ್ಮ ಗುಂಡಿ ತಿರುಗಿಸಿ ವೋಲ್ಟೇಜನ್ನು ಇನ್ನೂರಕ್ಕೆ ತಂದಳು. ಟ್ಯೂಬು ಎಳೆದ ಕರೆಂಟು 105 ಮಿಲಿಆಂಪ್. ಇನ್ನೂರ ಮೂವತ್ತಕ್ಕೆ ಏರಿಸಿದಳು. 92. ಇನ್ನೂರ ಅರವತ್ತೈದಕ್ಕೆ ಏರಿಸಿದಳು. 79. ಪಕ್ಕದ ವ್ಯಾಟ್‌ಮೀಟರಿನ ಮುಳ್ಳು ಮೂರು ಸಲವೂ ಇಪ್ಪತ್ತರ ಮನೆ ಬಿಟ್ಟು ಕದಲಲಿಲ್ಲ.

ಅವಳು ಅಂಕಿಗಳನ್ನು ಹಾಳೆಯ ಮೇಲೆ ಬರೆದು ಸಹಿ ಹಾಕಿದಳು. ಪೆನ್ನಿನ ಮೊನೆ ಕಾಗದವನ್ನು ಹರಿದುಕೊಂಡು ಹೋಯಿತು. ಅಷ್ಟು ಸಿಟ್ಟು ಬಂದಿತ್ತು.

ಒಂಬತ್ತು ದಿನದ ಹಿಂದೆ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಔಷಧ ಬಾಟಲಿ ಕಾರ್ಖಾನೆಯ ಪ್ಯಾಕಿಂಗ್ ಹಾಲಿನಲ್ಲಿ ಬೆಂಕಿ ಹತ್ತಿ, ಎಲ್ಲರೂ ಲೇಬಲ್ ಅಕ್ಕ ಎಂದು ಕರೆಯುತ್ತಿದ್ದ ಕೆಲಸದಾಕೆ ಸತ್ತಿದ್ದಳು. ಆ ಹಾಲಿಗೆ ಇನ್ನೂರು ಎಲ್‌ಇಡಿ ಟ್ಯೂಬ್ ಹಾಕಿದ್ದ ವೈರ್‌ಮನ್ ಲಾಕಪ್ಪಿನಲ್ಲಿದ್ದ.

ಪೊಲೀಸರ ಕಡತದಲ್ಲಿದ್ದ ಕಥೆ ಚಿಕ್ಕದು. ಅಂದು ಹನ್ನೊಂದಕ್ಕೆ ಲೈನಿನ ವೋಲ್ಟೇಜ್ 265ಕ್ಕೆ ಜಿಗಿಯಿತು. ಲೈಟುಗಳು ಮಿತಿಮೀರಿ ಕರೆಂಟ್ ಎಳೆದವು. ವೈರ್‌ಮನ್ ಎಳೆದಿದ್ದ ತೆಳು ತಂತಿ ಕಾದು ಹೊತ್ತಿಕೊಂಡಿತು. ಆಧಾರ, ಕಾರ್ಖಾನೆಯ ರಿಜಿಸ್ಟರ್.

"ಏನಮ್ಮಾ, ಇನ್ನೂ ಮುಗೀಲಿಲ್ವಾ?"

ಲ್ಯಾಬಿನ ಮುಖ್ಯಸ್ಥರಾದ ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಇಪ್ಪತ್ತು ವರ್ಷದ ಹಿಂದೆ ಅವಳ ಕೈಯಲ್ಲಿ ಮೊದಲ ಮೀಟರ್ ಇಟ್ಟವರು. ಈಗ ಹದಿನೈದು ವರ್ಷದಿಂದ ಅಳತೆಗೆಂದು ಕುರ್ಚಿ ಬಿಟ್ಟು ಎದ್ದವರಲ್ಲ.

"ಮುಗೀತು ಸಾರ್. ಕಡತ ಹೇಳೋದಕ್ಕೂ ಲೈಟ್ ಹೇಳೋದಕ್ಕೂ ಸಂಬಂಧವೇ ಇಲ್ಲ. ವೋಲ್ಟೇಜ್ ಏರಿಸಿದ್ರೆ ಇದು ಕರೆಂಟ್ ಕಮ್ಮಿ ತಗೊಳ್ಳುತ್ತೆ."

"ನಾನು ಹೇಳ್ಕೊಟ್ಟಿದ್ದೆಲ್ಲಾ ಮರೆತುಬಿಟ್ಯಾ? ವೋಲ್ಟೇಜ್ ಏರಿದ್ರೆ ಕರೆಂಟ್ ಏರುತ್ತೆ. ಮೊದಲನೇ ಪಾಠ."

"ನೀವು ಪಾಠ ಹೇಳಿದ್ದು ಹಳೇ ಬಲ್ಬ್ ಇಟ್ಕೊಂಡು ಸಾರ್. ಅದಕ್ಕೆ ತಲೆ ಇಲ್ಲ, ಸುರಿದಷ್ಟೂ ಕುಡಿಯುತ್ತೆ. ಇದರ ಹೊಟ್ಟೆಯಲ್ಲಿ ಕರೆಂಟನ್ನ ಹದ್ದಿನಲ್ಲಿಡೋ ಡ್ರೈವರ್ ಸರ್ಕ್ಯೂಟ್ ಇದೆ. ಬೇಕಾಗಿರೋ ಇಪ್ಪತ್ತು ವ್ಯಾಟ್ ಸಿಕ್ಕಿದ್ರೆ ಅದರ ಕೆಲಸ ಆಯ್ತು. ವೋಲ್ಟೇಜ್ ಜಾಸ್ತಿ ಕೊಟ್ರೆ ಕರೆಂಟ್ ಕಮ್ಮಿ ಎಳೆಯುತ್ತೆ. ವೋಲ್ಟೇಜ್ ಬಿದ್ರೆ ಜಾಸ್ತಿ ಎಳೆಯುತ್ತೆ."

"ಕಳಪೆ ಮಾಲಿನಲ್ಲಿ ಡ್ರೈವರ್ ಎಲ್ಲಿರುತ್ತೆ?"

"ಬೆಂಕಿ ತಾಗದ ಮೂಲೆಯಿಂದ ಮೂರು ಬಿಚ್ಚಿಸಿಕೊಂಡು ಬಂದಿದ್ದೀನಲ್ಲ. ಮೂರರಲ್ಲೂ ಇದೆ."

ಅಷ್ಟರಲ್ಲಿ ಅವಳ ಮೇಜಿನ ಫೋನು ಹೊಡೆದುಕೊಂಡಿತು. ಸಾಹೇಬರು ಒಳಗೆ ಬಂದು ಬಗ್ಗಿ, ಫೋನಿನ ಚಿಕ್ಕ ಪರದೆಯಲ್ಲಿ ಮೂಡಿದ ನಂಬರ್ ನೋಡಿದರು. ಬೇಡದವರದು ಇರಬೇಕು, ಹಾಗೇ ಬಿಟ್ಟರು. ಯಾರದೆಂದು ನೋಡದೆ ಫೋನ್ ಎತ್ತುವ ಜಾಯಮಾನ ಅವರದಲ್ಲ.

"ನೋಡು, ನೀನು ನನ್ನ ಮಗಳಿದ್ದ ಹಾಗೆ. ನಾಲ್ಕು ಗಂಟೆಗೆ ಕೋರ್ಟಿಗೆ ವರದಿ ಹೋಗ್ಬೇಕು. ರಿಜಿಸ್ಟರಿನಲ್ಲಿ ಹೀಗಿದೆ ಅಂತ ಒಂದು ಪುಟ ಬರೆದು ಕೈ ತೊಳೆದುಕೋ. ಇಲ್ಲದ್ದನ್ನ ಯಾಕೆ ಮೈಮೇಲೆ ಎಳ್ಕೊಳ್ತೀಯಾ?"

"ಇನ್ನೊಂದು ಅಳತೆ ಬಾಕಿ ಇದೆ ಸಾರ್," ಎಂದಳು ಮೀಟರಮ್ಮ. ಎಲ್ಲಿ ಎಂದು ಅವರು ಕೇಳಲಿಲ್ಲ. ಅವಳೂ ಹೇಳಲಿಲ್ಲ. ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಹೊರಗಿನ ಬೆಂಚಿನ ಮೇಲೆ ವೈರ್‌ಮನ್ನನ ತಾಯಿ ಕೂತಿದ್ದಳು. ಮೂರು ದಿನದಿಂದ ಅಲ್ಲೇ. ಮೀಟರಮ್ಮನನ್ನು ಕಂಡು ಎದ್ದಳು. ಕೈ ಮುಗಿಯಲಿಲ್ಲ, ಕಣ್ಣೀರು ಹಾಕಲಿಲ್ಲ.

"ಬರೆದಾಯ್ತೇನಮ್ಮಾ? ನನ್ನ ಮಗನ ತಲೆಗೆ ಕಟ್ಟಿ ಆಯ್ತಾ?"

"ಇಲ್ಲಮ್ಮ. ಇನ್ನೂ..."

"ಅವನು ತಂತಿ ತರುವಾಗ ಅಂಗಡಿಯಲ್ಲಿ ಜಗಳ ಆಡಿ ದಪ್ಪದ್ದೇ ತಂದ. ನಾನು ಜೊತೇಲಿದ್ದೆ. ಇದನ್ನ ಹೇಳಿದ್ರೆ ಸ್ಟೇಷನ್ನಿನಲ್ಲಿ ನಗ್ತಾರೆ. ಇವತ್ತು ಜೈಲಿಗೆ ಕಳಿಸ್ತಾರಂತೆ, ಆಮೇಲೆ ಎಷ್ಟು ವರ್ಷಾನೋ. ನೀವೆಲ್ಲಾ ಓದಿದವರು ಸೇರ್ಕೊಂಡು ಒಬ್ಬನನ್ನ ನುಂಗ್ತಾ ಇದ್ದೀರ. ಅಷ್ಟೇ ಅಲ್ವಾ?"

  ಲೈಟು ತಪ್ಪು ಮಾಡಿಲ್ಲ ಎಂದು ಸಾಧಿಸಿದ ಮಾತ್ರಕ್ಕೆ ಬೆಂಕಿ ಹೇಗೆ ಹತ್ತಿತು ಎಂದು ಗೊತ್ತಾಗುವುದಿಲ್ಲ. ಕೋರ್ಟು ಕೇಳುವುದು ಅದನ್ನೇ.

"ನಾಲ್ಕು ಗಂಟೆವರೆಗೂ ಇಲ್ಲೇ ಇರಿ," ಎಂದಷ್ಟೇ ಹೇಳಿ ಸ್ಕೂಟರ್ ಹತ್ತಿದಳು.

ಕಾರ್ಖಾನೆಯ ಗೇಟಿನಲ್ಲಿ ಪೊಲೀಸ್ ಪೇದೆ ಕಾದಿದ್ದ. ಬೆಂಕಿ ಆರಿದ ಒಂದು ಗಂಟೆಯೊಳಗೆ ಪ್ಯಾನಲ್ಲಿಗೆ ಅರಗು ಹಚ್ಚಿ ಸೀಲ್ ಮಾಡಿದವನು ಅವನೇ. ಸೀಲ್ ತೆಗೆಯಬೇಕಾದರೂ ಅವನೇ ಬೇಕು.

"ಮೇಡಂ, ಊಟ ಅರ್ಧಕ್ಕೇ ಬಿಟ್ಟು ಬಂದಿದ್ದೀನಿ. ಒಳಗೆ ಏನಾದ್ರೂ ಸಿಗುತ್ತೆ ತಾನೇ?"

"ಸಿಗದಿದ್ರೆ ನನ್ನ ಡಬ್ಬಿ ನಿಮಗೆ ಕೊಡ್ತೀನಿ, ನಡೀರಿ."

ಪ್ಯಾಕಿಂಗ್ ಹಾಲಿನ ಪಕ್ಕದಲ್ಲೇ ಪ್ಯಾನಲ್ ರೂಮು. ಎಂಟಡಿ ಉದ್ದ, ಆರಡಿ ಅಗಲ. ಒಂದು ಗೋಡೆಗೆ ಆಳೆತ್ತರದ ಕಬ್ಬಿಣದ ಬೀರು, ಅದೇ ಪ್ಯಾನಲ್ಲು. ಅದರ ಮುಂಭಾಗದಲ್ಲಿ ಮುಳ್ಳಿನ ಎರಡು ಮೀಟರು, ಒಂದು ವೋಲ್ಟಿಗೆ, ಒಂದು ಆಂಪಿಗೆ. ಎದುರಿಗೆ ಮೇಜು, ಮೇಜಿನ ಮೇಲೆ ಫೋನು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಒಂಬತ್ತು ದಿನವಾದರೂ ಗೋಡೆ ಬಿಟ್ಟಿರಲಿಲ್ಲ.

ಮ್ಯಾನೇಜರ್ ಹಿಂದೆಯೇ ಬಂದ. ಇಸ್ತ್ರಿ ಮುರಿಯದ ಅಂಗಿ, ನಗುಮುಖ.

"ಮೇಡಂ, ಟೀ ಹೇಳ್ಲಾ?"

"ಬೇಡ. ಪ್ಯಾನಲ್ ಆಪರೇಟರನ್ನ ಕರೀರಿ."

"ಅವನಿಗೆ ಮೈ ಸರಿ ಇಲ್ಲ. ಮನೆಗೆ ಹೋಗು ಅಂದಿದ್ದೆ."

"ನಾನು ಹೋಗಿಲ್ಲ," ಎಂದಿತು ಬಾಗಿಲ ಹೊರಗಿನ ದನಿ.

ಅರ್ಧ ಗಂಟೆಗೊಮ್ಮೆ ಮೀಟರ್ ನೋಡಿ ರಿಜಿಸ್ಟರಿಗೆ ಇಳಿಸುವ ಆ ಮನುಷ್ಯನಿಗೆ ಅರವತ್ತಕ್ಕೆ ಎರಡು ಕಮ್ಮಿ. ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಬುಕ್ಕಣ್ಣ. ಬುಕ್ಕನ್ನು ಪೊಲೀಸರು ಒಯ್ದ ಮೇಲೂ ಅವನ ಎಡಗೈ ಏನನ್ನೋ ಅವುಚಿಕೊಂಡ ಹಾಗೆಯೇ ಇತ್ತು. ಬೆರಳುಗಳು ಗ್ರೀಸಿನಿಂದ ಕಪ್ಪಾಗಿದ್ದವು. ಅಂಗಿಯ ಜೇಬಿನ ಅಂಚು ಮಾತ್ರ ಬೆಳ್ಳಗೆ.

ಮೀಟರಮ್ಮ ರಿಜಿಸ್ಟರನ್ನು ಮೇಜಿನ ಮೇಲೆ ಬಿಡಿಸಿ, ಆ ದಿನದ ಪುಟಕ್ಕೆ ಬೆರಳಿಟ್ಟಳು.

"ಒಂಬತ್ತೂವರೆಗೆ 230 ವೋಲ್ಟು, 18 ಆಂಪು. ಹತ್ತಕ್ಕೆ 231, 18. ಹತ್ತೂವರೆಗೆ 230, 18. ಹನ್ನೊಂದಕ್ಕೆ 265, ಇಪ್ಪತ್ತು ಪಾಯಿಂಟ್ ಏಳು. ಇದೇ ಅಲ್ವಾ ನಿಮ್ಮ ಸಾಕ್ಷಿ?"

"ಕಣ್ಣಿಗೆ ಕಾಣ್ತಿದೆಯಲ್ಲ ಮೇಡಂ," ಎಂದ ಮ್ಯಾನೇಜರ್. "ವೋಲ್ಟೇಜ್ ಏರಿತು, ಕರೆಂಟ್ ಏರಿತು. ವೋಲ್ಟೇಜನ್ನ ಕರೆಂಟಿಂದ ಗುಣಿಸಿದ್ರೆ ವ್ಯಾಟ್. ಎರಡೂ ಏರಿದ್ರೆ ವ್ಯಾಟ್ ಎಲ್ಲಿಗೆ ಹೋಗುತ್ತೆ ನೀವೇ ಹೇಳಿ. ಅವನು ಕಳಪೆ ಕೆಲಸ ಮಾಡ್ದ, ಪಾಪ ಆ ಹೆಂಗಸು ಹೋದ್ಲು."

ಆ 'ಪಾಪ' ಕೇಳಿ ಮೀಟರಮ್ಮನ ಮೈ ಉರಿಯಿತು. ದನಿ ಮಾತ್ರ ಏರಲಿಲ್ಲ.

"ಆ ಮೀಟರಿನ ಮುಖ ನೋಡಿ. ಗೆರೆಗಳು ಒಂದೊಂದು ಆಂಪಿಗೆ. ಈ ರಿಜಿಸ್ಟರಿನಲ್ಲಿ ಎರಡು ವರ್ಷದ ಪುಟ ತಿರುವಿದ್ದೀನಿ. ಎಲ್ಲೂ ಪಾಯಿಂಟ್ ಇಲ್ಲ. ಹದಿನೆಂಟು, ಹತ್ತೊಂಬತ್ತು, ಹದಿನೆಂಟು, ಅಷ್ಟೇ. ಈ ಮುಳ್ಳು ಆವತ್ತು ಒಂದೇ ಒಂದು ಸಲ ಪಾಯಿಂಟ್ ಏಳು ತೋರಿಸ್ತಾ?"

ಮ್ಯಾನೇಜರ್ ನಗು ಬಿಡಲಿಲ್ಲ. "ಅಂದಾಜಿಗೆ ಬರೆದಿರ್ತಾನೆ."

"ಅಂದಾಜಲ್ಲ. ಹದಿನೆಂಟನ್ನ 265ರಿಂದ ಗುಣಿಸಿ 230ರಿಂದ ಭಾಗಿಸಿ. ಸರಿಯಾಗಿ ಇಪ್ಪತ್ತು ಪಾಯಿಂಟ್ ಏಳು. ಇದು ಮೀಟರ್ ನೋಡಿ ಬರೆದಿದ್ದಲ್ಲ, ಲೆಕ್ಕ ಹಾಕಿ ಬರೆದಿದ್ದು. ಅದೂ ತಪ್ಪು ಲೆಕ್ಕ. ಆ ಇನ್ನೂರು ಲೈಟುಗಳೂ ಸೇರಿ 265 ವೋಲ್ಟಿನಲ್ಲಿ ಹದಿನಾರು ಆಂಪಿಗೆ ಇಳೀತವೆ. ಈಗಷ್ಟೇ ಅಳೆದು ಬಂದಿದ್ದೀನಿ."

"ನಿಮ್ಮ ಲ್ಯಾಬ್ ಬೇರೆ, ನಮ್ಮ ಲೈನ್ ಬೇರೆ. 265 ಬಂದಿಲ್ಲ ಅಂತ ಸಬ್‌ಸ್ಟೇಷನ್ನಿನಿಂದ ದಾಖಲೆ ತನ್ನಿ ನೋಡೋಣ."

ತರಲು ಆಗುವಂತಿರಲಿಲ್ಲ. ಅಂದು ಹತ್ತರಿಂದ ಹನ್ನೆರಡರ ತನಕ ಸಬ್‌ಸ್ಟೇಷನ್ನಿನಲ್ಲಿ ವೋಲ್ಟೇಜ್ ದಾಖಲಿಸುವ ಮೀಟರನ್ನು ತಪಾಸಣೆಗಾಗಿ ಕಳಚಿಡಲಾಗಿತ್ತು. ಕಳಚಿದವಳು ಅವಳೇ. ಇಬ್ಬರು ಸಹಾಯಕರನ್ನು ಕರೆದುಕೊಂಡು ಹೋಗಿ, ತಾನೇ ನಿಂತು ಬಿಚ್ಚಿಸಿದ್ದಳು. ಅದೇ ಎರಡು ಗಂಟೆಯೊಳಗೆ ಈ 265 ಬಂದು ಕೂತಿತ್ತು. ಮೊದಲ ಬಾರಿಗೆ ಅವಳಿಗೆ ಇದು ಚುಚ್ಚಿತು. ಆ ತಪಾಸಣೆ ಲ್ಯಾಬಿನವರಿಗೂ ಸಬ್‌ಸ್ಟೇಷನ್ನಿನವರಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಆ ಯೋಚನೆಯನ್ನು ಪಕ್ಕಕ್ಕಿಟ್ಟು, ಅವಳು ಮುದುಕನ ಕಡೆ ತಿರುಗಿದಳು.

"ಬುಕ್ಕಣ್ಣ, ನಿಮ್ಮ ಕೈ ನೋಡಿ."

ಅವನು ನೋಡಿಕೊಂಡ.

"ಇಷ್ಟು ಗ್ರೀಸು. ಬುಕ್ಕಿನಲ್ಲಿ ಒಂದು ಕಲೆ ಇಲ್ಲ. ಎರಡು ವರ್ಷದಲ್ಲಿ ಒಂದೂ ಇಲ್ಲ. ಹೇಗೆ?"

ಬುಕ್ಕಣ್ಣ ಮ್ಯಾನೇಜರನ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ಕೈ ತೊಳೆದುಕೊಂಡು ಬರೀತಾನೆ," ಎಂದ ಮ್ಯಾನೇಜರ್.

"ನಾನು ನಿಮ್ಮನ್ನ ಕೇಳಲಿಲ್ಲ. ಬುಕ್ಕಣ್ಣ, ಜೇಬಿನಲ್ಲಿ ಏನಿದೆ?"

ಮುದುಕ ಜೇಬಿಗೆ ಕೈ ಹಾಕಿ, ಬೆರಳಿನ ಗೆಣ್ಣಿನಷ್ಟು ಉದ್ದದ ಸೀಮೆಸುಣ್ಣದ ತುಂಡನ್ನು ತೆಗೆದು ಅಂಗೈ ಮೇಲಿಟ್ಟ.

"ಎಲ್ಲಿ ಬರೀತೀರಿ ಇದರಲ್ಲಿ?"

 "ಕೇಳ್ತಾರೆ, ಕೇಳ್ತಾರೆ ಅಂತ ಒಂಬತ್ತು ದಿನ ಕಾದೆ ಮೇಡಂ. ಒಬ್ಬರೂ ಕೇಳಲಿಲ್ಲ." ಗ್ರೀಸಿನ ಬೆರಳು ಪ್ಯಾನಲ್ಲಿನ ಕಡೆ ಎದ್ದಿತು. "ಬಾಗಿಲ ಒಳಮೈ ಮೇಲೆ. ದಿನವೆಲ್ಲಾ ಅಲ್ಲಿ ಗೀಚ್ತೀನಿ. ಪಾಳಿ ಮುಗಿಯೋವಾಗ ಕೈ ತೊಳೆದು ಬುಕ್ಕಿಗೆ ಇಳಿಸಿ, ಬಾಗಿಲು ಒರೆಸ್ತೀನಿ. ಆವತ್ತು ಒರೆಸೋಕ್ಕೆ ಆಗ್ಲಿಲ್ಲ. ಇವರು ಸೀಲ್ ಮಾಡ್ಬಿಟ್ರು."

ಮ್ಯಾನೇಜರನ ನಗು ಆಗ ಹೋಯಿತು.

"ಸೀಲ್ ತೆಗೀಬೇಕಾದ್ರೆ ನಮ್ಮ ಮಾಲೀಕರಿಗೆ ಒಂದು ಮಾತು..." ಎನ್ನುತ್ತಾ ಅವನು ಪ್ಯಾನಲ್ಲಿಗೆ ಅಡ್ಡ ನಿಂತ.

"ಸ್ವಲ್ಪ ಸರೀತೀರಾ ಸಾರ್?" ಎಂದ ಪೇದೆ. "ನನಗೆ ಹಸಿವಾಗಿದೆ, ಸಿಟ್ಟು ಬೇಗ ಬರುತ್ತೆ."

ಅರಗು ಒಡೆದು, ಬಾಗಿಲು ತೆರೆದುಕೊಂಡಿತು. ಒಳಮೈಯ ಬೂದು ಬಣ್ಣದ ಮೇಲೆ ಬಿಳಿಯ ಅಂಕಿಗಳು ಸಾಲಾಗಿ ನಿಂತಿದ್ದವು. ರಿಜಿಸ್ಟರಿನಲ್ಲಿರುವ ಅದೇ ಕೈ, ಅದೇ ತಲೆ ಬಾಗಿದ ಒಂಬತ್ತು.

ಒಂಬತ್ತೂವರೆ, 230, 18. ಹತ್ತು, 231, 34. ಹತ್ತೂವರೆ, 230, 34. ಹನ್ನೊಂದು, 230, 34.

ವೋಲ್ಟೇಜ್ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಕರೆಂಟು ಮಾತ್ರ ಹೆಚ್ಚುಕಮ್ಮಿ ದುಪ್ಪಟ್ಟಾಗಿತ್ತು.

"ಲೈಟಿಗೆ ಹದಿನೆಂಟು," ಎಂದಳು ಮೀಟರಮ್ಮ. "ಉಳಿದ ಹದಿನಾರು ಯಾರದು? ಹದಿನಾರು ಆಂಪನ್ನ 230ರಿಂದ ಗುಣಿಸಿದ್ರೆ ಮೂರು ಸಾವಿರದ ಆರುನೂರ ಎಂಬತ್ತು ವ್ಯಾಟ್. ಇಷ್ಟು ತಿನ್ನೋದು ಏನಿದೆ ಈ ಹಾಲಿನಲ್ಲಿ?"

ಬುಕ್ಕಣ್ಣ ಉತ್ತರಿಸುವ ಮೊದಲೇ ಪೇದೆ ಹಾಲಿನೊಳಗೆ ಬೆರಳು ತೋರಿಸಿದ. ಮೂಲೆಯಲ್ಲಿ ಮಸಿ ಹಿಡಿದ ಉದ್ದನೆಯ ಪೆಟ್ಟಿಗೆಯೊಂದು ನಿಂತಿತ್ತು. ಬಾಟಲಿಗಳ ಕಟ್ಟಿಗೆ ಪ್ಲಾಸ್ಟಿಕ್ ಸುತ್ತಿ, ಬಿಸಿಗೆ ಬಿಗಿಯುವ ಯಂತ್ರ. ಅದರ ಕಾಲಿಗೆ ಹೊಡೆದ ತಗಡಿನ ಮೇಲೆ ಮಸಿಯ ನಡುವೆಯೂ ಓದಲು ಬರುತ್ತಿತ್ತು: 230 ವೋಲ್ಟ್, 3600 ವ್ಯಾಟ್. ಮುಳ್ಳಿನ ಮೀಟರಿನಲ್ಲಿ ಅಷ್ಟು ಆಚೀಚೆ ಆಗುವುದು ಸಹಜ.

"ಅದರದ್ದೇ ಲೈನು ಆವತ್ತು ಕೆಟ್ಟಿತ್ತು," ಎಂದ ಬುಕ್ಕಣ್ಣ. ಈಗ ದನಿ ಗಟ್ಟಿಯಾಗಿತ್ತು. "ರಿಪೇರಿ ಆಗೋವರೆಗೂ ನಿಲ್ಲಿಸೋಣ ಅಂದೆ. ಮಾಲು ಹೋಗ್ಬೇಕು, ಲೈಟಿನ ಲೈನಿಗೆ ಹಾಕು ಅಂದ್ರು ಇವರು. ಹಾಕಿದ್ರೆ ಲೋಡ್ ಜಾಸ್ತಿ ಆಗಿ, ಲೈನು ಕಟ್ ಮಾಡೋ ಎಂಸಿಬಿ ಸ್ವಿಚ್ಚು ಬೀಳ್ತಿತ್ತು. ಅದೂ ಬೀಳಬಾರದು ಅಂತ, ಇಪ್ಪತ್ತೈದು ಆಂಪಿನದು ಕಿತ್ತು ನಲವತ್ತರದ್ದು ಹಾಕಿಸಿದ್ರು. ಹಾಕಿದ್ದು ಈ ಕೈ ಮೇಡಂ. ಅದನ್ನೂ ಬರ್ಕೊಳ್ಳಿ."

ಪ್ಯಾನಲ್ಲಿನೊಳಗೆ ಹಳದಿಗಟ್ಟಿದ ಎಂಸಿಬಿಗಳ ನಡುವೆ ಒಂದೇ ಒಂದು ಹೊಸ ಹಲ್ಲಿನ ಹಾಗೆ ಬೆಳ್ಳಗಿತ್ತು. ಮೇಲೆ 40 ಎಂದಿತ್ತು. ತಂತಿ ಕಾಯುತ್ತಿದ್ದರೂ ಲೈನು ಕಡಿದುಹೋಗದಂತೆ ಕಾವಲು ಕೂತಿದ್ದು ಅದೇ.

"ವೈರ್‌ಮನ್ ಹಾಕಿದ ತಂತಿ ಲೈಟಿಗೆ ಬೇಕಾದಷ್ಟು ದಪ್ಪ ಇತ್ತು," ಎಂದಳು ಮೀಟರಮ್ಮ. "ನಿಮ್ಮ ಒಲೆಗೆ ಇರಲಿಲ್ಲ. ಒಬ್ಬಳನ್ನ ಸುಟ್ರಿ. ಸಾಲದು ಅಂತ ಇನ್ನೊಬ್ಬಳ ಮಗನನ್ನ ಜೈಲಿಗೆ ತಳ್ತಾ ಇದ್ದೀರಿ."

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ!" ಮ್ಯಾನೇಜರ್ ಮೇಜು ಗುದ್ದಿದ. "ಸೀಮೆಸುಣ್ಣದಲ್ಲಿ ಯಾರು ಬೇಕಾದ್ರೂ ಬರೀಬಹುದು. ರಿಜಿಸ್ಟರ್ ಇವನ ಕೈಬರಹ. ಇವನೇ ಸುಳ್ಳುಗಾರ!"

"ಹೌದು, ನನ್ನದೇ ಕೈ!" ಬುಕ್ಕಣ್ಣನೂ ಕೂಗಿದ. "ಪೊಲೀಸರು ಮಾರನೇ ದಿನ ಬುಕ್ಕು ಕೇಳ್ತಾರೆ ಅಂತ, ಸಂಜೆ ಐದು ಗಂಟೆಗೆ ಇಲ್ಲೇ ಕೂರಿಸಿ ಬರೆಸಿದ್ರಿ. ಪಾಯಿಂಟ್ ಏಳು ಅಂದಾಗ, ಈ ಮೀಟರಿನಲ್ಲಿ ಪಾಯಿಂಟ್ ಕಾಣಲ್ಲ ಸಾರ್ ಅಂದೆ. ಹೇಳಿದಷ್ಟು ಬರಿ ಅಂದ್ರಿ. ನಾನು ಹೇಡಿ, ಬರೆದೆ. ಲೇಬಲ್ ಅಕ್ಕ ನನಗೆ ದಿನಾ ಕೈ ಒರೆಸೋಕ್ಕೆ ಬಟ್ಟೆ ಚೂರು ತಂದುಕೊಡ್ತಿದ್ಲು. ಬರೆಯುವಾಗ ಅದರಲ್ಲೇ ಕೈ ಒರೆಸ್ಕೊಂಡು ಬರೆದೆ!"



"ಲೆಕ್ಕ ಇವರೇ ಹಾಕಿದ್ರಾ?" ಮೀಟರಮ್ಮ ಕೇಳಿದಳು.

"ಇವರಿಗೆಲ್ಲಿ ಬರುತ್ತೆ. ಫೋನಿನಲ್ಲಿ ಯಾರೋ ಹೇಳ್ತಿದ್ರು. ಇವರು ಕೇಳಿ ಕೇಳಿ ನನಗೆ ಹೇಳ್ತಿದ್ರು. ಇದೇ ಫೋನು."

"ಮುಚ್ಚೋ ಬಾಯಿ!" ಎಂದ ಮ್ಯಾನೇಜರ್.

ಮೀಟರಮ್ಮ ಮತ್ತೆ ಪ್ಯಾನಲ್ಲಿನ ಬಾಗಿಲ ಕಡೆ ನೋಡಿದಳು. ಹತ್ತೂವರೆಗೂ ಹನ್ನೊಂದಕ್ಕೂ ನಡುವೆ, ಅಂಚಿಗೆ ಒತ್ತರಿಸಿ ಇನ್ನೊಂದು ಸಾಲಿತ್ತು. ಸಣ್ಣ ಅಕ್ಷರ, ಅಂಕಿಗಳ ಸಂಭ್ರಮದಲ್ಲಿ ಕಣ್ಣು ತಪ್ಪಿಸಿಕೊಂಡಿತ್ತು. ಬಗ್ಗಿ ಓದಿದಳು.

*10.40. ಲ್ಯಾಬಿಗೆ ಫೋನ್ ಮಾಡಿದೆ. ತಂತಿ ಬಿಸಿ, ವಾಸನೆ ಅಂದೆ. ನೋಡ್ತೀವಿ ಅಂದರು.*

"ಯಾವ ಲ್ಯಾಬು ಬುಕ್ಕಣ್ಣ?"

ಮುದುಕ ಗೋಡೆಗೆ ಅಂಟಿಸಿದ್ದ ಚೀಟಿ ತೋರಿಸಿದ. ವಿದ್ಯುತ್ ಅಪಾಯ ಕಂಡರೆ ಕರೆ ಮಾಡಿ ಎಂದು ಲ್ಯಾಬಿನವರೇ ಎಲ್ಲಾ ಕಾರ್ಖಾನೆಗಳಿಗೂ ಹಂಚಿದ ಚೀಟಿ. ಅದರ ಮೇಲಿದ್ದುದು ಅವಳ ಮೇಜಿನ ನಂಬರು.

"ಯಾರು ಮಾತಾಡಿದ್ದು?"

"ಗಂಡಸಿನ ದನಿ. ಹೆಸರು ಹೇಳಲಿಲ್ಲ. ಬಂದು ನಿಲ್ಲಿಸ್ತಾರೆ ಅಂತ ನಾನು ಗೇಟು ನೋಡ್ತಾ ಇದ್ದೆ ಮೇಡಂ. ನಲವತ್ತು ನಿಮಿಷ ನೋಡ್ದೆ."

ಆ ಹತ್ತು ನಲವತ್ತಕ್ಕೆ ಅವಳೂ ಇಬ್ಬರು ಸಹಾಯಕರೂ ಸಬ್‌ಸ್ಟೇಷನ್ನಿನಲ್ಲಿದ್ದರು. ಲ್ಯಾಬಿನಲ್ಲಿ ಉಳಿದಿದ್ದುದು ಒಬ್ಬರೇ.

ಅವಳ ಸಿಟ್ಟು ನೆತ್ತಿಯಿಂದ ಇಳಿದು ಬೆರಳಿನ ತುದಿಗೆ ಬಂದು ನಿಂತಿತು. ಆ ಬೆರಳಿನಿಂದಲೇ ಮೇಜಿನ ಫೋನಿನಲ್ಲಿ ತನ್ನದೇ ನಂಬರ್ ಒತ್ತಿದಳು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

ಮ್ಯಾನೇಜರ್ ಬಾಯಿ ತೆರೆದ. ಪೇದೆಯ ಲಾಠಿ ಅವನ ಎದೆಗೆ ಅಡ್ಡ ಬಂತು. "ಉಸಿರು ಬಿಟ್ರೆ ನೋಡಿ," ಎಂದ ಪೇದೆ, ಪಿಸುಮಾತಿನಲ್ಲಿ.

ಒಂದು ರಿಂಗು. ಎರಡು. ಆ ಕಡೆ ಯಾರೋ ಬಗ್ಗಿ ಪರದೆ ನೋಡುವಷ್ಟು ಹೊತ್ತು ಕಳೆಯಿತು. ಫೋನು ಎತ್ತಿದರು.

"ಏನ್ರೀ ಮ್ಯಾನೇಜರ್," ಎಂದರು ಸಾಹೇಬರು. "ಆ ಮುದುಕನನ್ನ ಮನೆಗೆ ಕಳಿಸಿ ಅಂದಿದ್ನಲ್ಲ. ಕಳಿಸಿದ್ರಾ?"

ಮೀಟರಮ್ಮ ಫೋನಿನ ಮೇಲೆ ಬಾಗಿದಳು.

"ಕಳಿಸಿಲ್ಲ ಸಾರ್. ನನ್ನ ಪಕ್ಕದಲ್ಲೇ ನಿಂತಿದ್ದಾರೆ."

 ಸ್ಪೀಕರಿನಲ್ಲಿ ಕುರ್ಚಿ ಹಿಂದಕ್ಕೆ ಸರಿದ ಸದ್ದು. ಮೂರು ಗಂಟೆ ಇಪ್ಪತ್ತಾರು ನಿಮಿಷಕ್ಕೆ ಆ ಕಡೆಯಿಂದ ಫೋನು ಕಟ್ಟಾಯಿತು.

ಆಗ ಅವಳಿಗೆ ನೆನಪಾಯಿತು. ಮೂರು ಟ್ಯೂಬುಗಳೂ, ಸಹಿ ಹಾಕಿದ ಅಳತೆಯ ಹಾಳೆಯೂ ಅವರೆದುರಿನ ಮೇಜಿನ ಮೇಲೇ ಇದ್ದವು.

ಅವಳು ಮತ್ತೆ ಅದೇ ನಂಬರ್ ಒತ್ತಿದಳು. ಹನ್ನೆರಡು ಸಲ ರಿಂಗಾಯಿತು. ಯಾರೂ ಎತ್ತಲಿಲ್ಲ.